ಹೆಸರು ಒಂದೇ, ಲೆಕ್ಕ ಬೇರೆ: ಸ್ಪ್ರೆಡ್‌ಶೀಟ್ ಸೂತ್ರಗಳ ಹೊಂದಾಣಿಕೆ



ನಿಮ್ಮ ಊರು ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯದಾಗಿದ್ದು, ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರಿದ್ದರೆ ಅವರನ್ನು ಒಂದು ಮಾತು ಕೇಳಿ ನೋಡಿ: ಹಾಲಿ ರೂಪಾಯಿ ಎಂದರೇನು, ಕಲ್ದಾರ ರೂಪಾಯಿ ಎಂದರೇನು? 1948ರವರೆಗೆ ಈ ಭಾಗ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. ನಿಜಾಮರ ನಾಣ್ಯ ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ ರೂಪಾಯಿ. ಭೂಸನೂರಿನ ರೈತನೊಬ್ಬ ಬ್ರಿಟಿಷರ ಆಡಳಿತದ ಸೊಲ್ಲಾಪುರದಲ್ಲಿ ಮಾಲು ಮಾರಿ 60 ರೂಪಾಯಿ ತಂದನೆಂದರೆ ಊರಿನ ಲೆಕ್ಕದಲ್ಲಿ ಅದು 70 ರೂಪಾಯಿ. ಎರಡು ಕಡೆಯೂ ಅದರ ಹೆಸರು ರೂಪಾಯಿಯೇ!

ಇದಕ್ಕಿಂತ ಸೂಕ್ಷ್ಮವಾದ ತೊಡಕು ಫಸಲಿ ವರ್ಷದ್ದು. ಕಂದಾಯದ ಹಳೆಯ ಕಾಗದಗಳಲ್ಲಿ ‘1357 ಫಸಲಿ’ ಎಂಬಂತಹ ಬರಹವನ್ನು ನೀವು ಕಂಡಿರಬಹುದು. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ, ಅಂದರೆ 1947, ಸಿಗುತ್ತದೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲೂ ಫಸಲಿಯೇ ಇತ್ತು, ಸಂಖ್ಯೆಯೂ ಅದೇ. ಆದರೆ ಮದರಾಸಿನ ಫಸಲಿ ಜುಲೈ 1ರಂದು ಶುರುವಾದರೆ ಹೈದರಾಬಾದಿನದು ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ಹೀಗಾಗಿ 1947ರ ಆಗಸ್ಟ್‌ನಲ್ಲಿ ಬಳ್ಳಾರಿಯ ಗುಮಾಸ್ತ 1357 ಎಂದು ಬರೆದರೆ ಕಲಬುರಗಿಯ ಗುಮಾಸ್ತ 1356 ಎಂದು ಬರೆಯುತ್ತಿದ್ದ. ವರ್ಷದ ಒಂಬತ್ತು ತಿಂಗಳು ಇಬ್ಬರ ಲೆಕ್ಕವೂ ಹೊಂದುತ್ತಿತ್ತು; ಮೂರು ತಿಂಗಳು ಮಾತ್ರ ಹೊಂದುತ್ತಿರಲಿಲ್ಲ. ಅಪಾಯಕಾರಿಯಾದದ್ದು ಇದೇ. ಯಾವಾಗಲೂ ತಪ್ಪಾಗುವ ಲೆಕ್ಕವನ್ನು ಹಿಡಿಯುವುದು ಸುಲಭ; ಆಗಾಗ ತಪ್ಪಾಗುವುದನ್ನು ಹಿಡಿಯುವುದು ಕಷ್ಟ.

ಗಣಕಯಂತ್ರದ ವಿಷಯಕ್ಕೆ ಹಾಲಿ ಸಿಕ್ಕಾ ಏಕೆ ಬಂತೆಂದು ನೀವು ಕೇಳಬಹುದು. ಲೆಕ್ಕದ ಹಾಳೆಯನ್ನು ಒಂದು ತಂತ್ರಾಂಶದಲ್ಲಿ ತಯಾರಿಸಿ ಇನ್ನೊಂದರಲ್ಲಿ ತೆರೆದಾಗ ಆಗುವುದು ಇದೇ. ಸೂತ್ರದ ಹೆಸರು ಅಲ್ಲೂ ಅದೇ, ಇಲ್ಲೂ ಅದೇ. ಆದರೆ ಆ ಹೆಸರಿನ ಹಿಂದೆ ನಡೆಯುವ ಕೆಲಸ ಒಂದೇ ಆಗಿರಬೇಕೆಂದೇನೂ ಇಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಸುತ್ತಲಿನ ಹೊಲಗಳಲ್ಲಿ ತೊಗರಿಯೊಂದಿಗೆ ಕಬ್ಬೂ ಬೆಳೆಯುತ್ತದೆ. ಅಲ್ಲಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಪ್ಪ ತಂದಿಟ್ಟ ತೂಕದ ಚೀಟಿಗಳನ್ನೆಲ್ಲ ಮೊಬೈಲಿನ ಗೂಗಲ್ ಶೀಟ್ಸ್‌ನಲ್ಲಿ ಬರೆದಿಡುತ್ತಾಳೆ. ಕಲಬುರಗಿಯಲ್ಲಿ ಓದುವ ಅವಳ ಅಣ್ಣ ಅದನ್ನು ಕಾಲೇಜಿನ ಎಕ್ಸೆಲ್‌ನಲ್ಲಿ ತೆರೆಯುತ್ತಾನೆ. ಶಾಲೆಯ ಗಣಕದಲ್ಲಿರುವುದು ಉಚಿತವಾಗಿ ಸಿಗುವ ಲಿಬ್ರೆಆಫೀಸ್; ಮಾಸ್ತರರು ಅದರ ಕ್ಯಾಲ್ಕ್ ಎಂಬ ಭಾಗದಲ್ಲಿ ತೆರೆಯುತ್ತಾರೆ. ಒಂದೇ ಹಾಳೆ, ಮೂರು ತಂತ್ರಾಂಶ. ಇದು ಭೂಸನೂರಿನ ಮಾತಷ್ಟೇ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲೆಗಳ ಪದ್ಧತಿಯಂತೆ ಮುಕ್ತ ತಂತ್ರಾಂಶದಲ್ಲಿ ಕಲಿಯುತ್ತಾರೆ. ಮುಂದೆ ಬೇರೆ ಊರಿನ ಕಾಲೇಜಿಗೆ ಹೋದರೆ ಅಲ್ಲಿ ಎಕ್ಸೆಲ್ ಎದುರಾಗಬಹುದು.

ಮೂರು ಲೋಡುಗಳ ತೂಕ ಹೀಗಿದೆ ಎಂದುಕೊಳ್ಳಿ: 14.250, 13.800, 15.100 ಟನ್. ಒಟ್ಟು 43.150. ಎರಡನೆಯ ಸೆಲ್ ಹೇಗೋ ‘ಪಠ್ಯ’ ಎಂದು ಗುರುತಾಗಿಬಿಟ್ಟಿದೆ. ಅಂದರೆ ಕಣ್ಣಿಗೆ 13.800 ಎಂದೇ ಕಾಣುತ್ತದೆ, ಆದರೆ ತಂತ್ರಾಂಶಕ್ಕೆ ಅದು ಅಂಕಿಯಲ್ಲ, ಅಕ್ಷರಗಳ ಸಾಲು. ಈಗ ಸಮ್ ಎಂಬ ಸೂತ್ರ ಹಾಕಿದರೆ ಮೂರು ತಂತ್ರಾಂಶಗಳೂ ಆ ಸೆಲ್ಲನ್ನು ಬಿಟ್ಟು 29.350 ಎನ್ನುತ್ತವೆ. ಉತ್ತರದ ಸೆಲ್ಲಿನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಸಮ್ ಬಿಟ್ಟು ಮೂರು ಸೆಲ್‌ಗಳನ್ನು ಕೂಡಿಸುವ ಚಿಹ್ನೆಯಿಂದ ಒಂದೊಂದಾಗಿ ಕೂಡಿಸಿದರೆ? ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಆ ಪಠ್ಯವನ್ನು ತಾವಾಗಿಯೇ ಅಂಕಿಯಾಗಿ ಓದಿಕೊಂಡು 43.150 ಎನ್ನುತ್ತವೆ. ಲಿಬ್ರೆಆಫೀಸ್ ತನ್ನ ರೂಢಿಯ ಹೊಂದಾಣಿಕೆಯಲ್ಲಿ ಇದಕ್ಕೆ ಒಪ್ಪುವುದಿಲ್ಲ. ಚುಕ್ಕೆ ಕೆಲವು ದೇಶಗಳಲ್ಲಿ ದಶಮಾಂಶದ ಗುರುತು, ಕೆಲವು ದೇಶಗಳಲ್ಲಿ ಸಾವಿರದ ಗುರುತು. ಆದ್ದರಿಂದ ಇದು ಸಂದಿಗ್ಧ ಎಂದು ‘#ವ್ಯಾಲ್ಯೂ!’ ಎಂಬ ದೋಷ ತೋರಿಸುತ್ತದೆ.

ಯಾವುದು ಒಳ್ಳೆಯದು? ಅನೇಕರು ಎಕ್ಸೆಲ್‌ನ ಉದಾರತನವನ್ನು ಮೆಚ್ಚುತ್ತಾರೆ. ನನಗಂತೂ ದೋಷ ತೋರಿಸುವ ತಂತ್ರಾಂಶವೇ ಹೆಚ್ಚು ನಂಬಿಕಸ್ಥ ಎನ್ನಿಸುತ್ತದೆ. ಬಿಲ್ಲಿನಲ್ಲಿ 43.150 ಇದ್ದು ಮಗಳ ಹಾಳೆಯಲ್ಲಿ 29.350 ಬಂದರೆ ಮನೆಯವರು ಸುಮ್ಮನೆ ಯಾರನ್ನೋ ಸಂಶಯಿಸುತ್ತಾರೆ. ತಪ್ಪು ಒಂದು ಸೆಲ್ಲಿನೊಳಗೆ ಸದ್ದಿಲ್ಲದೆ ಕೂತಿರುತ್ತದೆ. ಗುರುತಿಸುವ ಒಂದು ಸುಲಭ ಉಪಾಯವಿದೆ. ಅಂಕಿಗಳು ಸಾಮಾನ್ಯವಾಗಿ ಸೆಲ್ಲಿನ ಬಲಕ್ಕೆ ಒತ್ತಿ ನಿಲ್ಲುತ್ತವೆ, ಪಠ್ಯ ಎಡಕ್ಕೆ. ಕಾಲಂನಲ್ಲಿ ಒಂದು ಅಂಕಿ ಮಾತ್ರ ಎಡಕ್ಕೆ ವಾಲಿದ್ದರೆ ಅಲ್ಲಿ ನೋಡಿ.

ಈ ಭೇದಗಳು ಎಲ್ಲಿಂದ ಬಂದವೆಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು 1979ರಲ್ಲಿ ವಿಸಿಕ್ಯಾಲ್ಕ್ ತಂದರು. 1983ರಲ್ಲಿ ಲೋಟಸ್ 1-2-3 ಬಂದು ಮಾರುಕಟ್ಟೆಯನ್ನು ಆಳಿತು. 1985ರಲ್ಲಿ ಮೆಕಿಂಟಾಷ್ ಗಣಕಕ್ಕೆ, 1987ರಲ್ಲಿ ವಿಂಡೋಸ್‌ಗೆ ಎಕ್ಸೆಲ್ ಬಂತು. ಗೂಗಲ್ ಶೀಟ್ಸ್ 2006ರದ್ದು. ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆಯಿತು. ಹೊಸದಾಗಿ ಬಂದ ಪ್ರತಿಯೊಂದೂ ಹಳೆಯದರ ಗಿರಾಕಿಗಳನ್ನು ಸೆಳೆಯಬೇಕಾಗಿದ್ದರಿಂದ ಹಳೆಯದರ ಸೂತ್ರಗಳನ್ನು ಅನುಕರಿಸಿತು. ಕೆಲವೊಮ್ಮೆ ತಪ್ಪುಗಳನ್ನೂ!

ಇದಕ್ಕೆ ದಿನಾಂಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸ್ಪ್ರೆಡ್‌ಶೀಟ್ ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ. ಒಂದು ಆರಂಭದ ದಿನದಿಂದ ಎಷ್ಟು ದಿನ ಕಳೆದವು ಎಂಬ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2024ರ ಜೂನ್ 7 ಎಂದರೆ ಅದಕ್ಕೆ 45450. ಎಕ್ಸೆಲ್‌ನಲ್ಲಿ 1900ರ ಜನವರಿ 1ಕ್ಕೆ ಸಂಖ್ಯೆ 1. ಆದರೆ ಲೋಟಸ್ 1-2-3 ತಯಾರಿಸಿದವರು 1900ನೆಯ ಇಸವಿಯನ್ನು ಅಧಿಕ ವರ್ಷವೆಂದು ಎಣಿಸಿದ್ದರು. ಶತಮಾನದ ವರ್ಷವನ್ನು 400 ಭಾಗಿಸಿದರೆ ಮಾತ್ರ ಅದು ಅಧಿಕ ವರ್ಷವೆಂದು ನೀವು ಕಲಿತಿದ್ದೀರಿ. 1900ಕ್ಕೆ ಫೆಬ್ರವರಿ 29 ಇರಲೇ ಇಲ್ಲ. ಲೋಟಸ್‌ನ ಕಡತಗಳು ತನ್ನಲ್ಲೂ ಸರಿಯಾಗಿ ತೆರೆಯಬೇಕೆಂದು ಎಕ್ಸೆಲ್ ಆ ಇಲ್ಲದ ದಿನವನ್ನು ಬೇಕೆಂದೇ ಉಳಿಸಿಕೊಂಡಿತು. ಇಂದಿಗೂ ಎಕ್ಸೆಲ್ 29-2-1900 ಎಂಬ ದಿನವನ್ನು ಒಪ್ಪುತ್ತದೆ. ಲಿಬ್ರೆಆಫೀಸ್ ಮತ್ತು ಗೂಗಲ್ ಶೀಟ್ಸ್ ಜಾಣತನ ಮಾಡಿ ತಮ್ಮ ಎಣಿಕೆಯ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ಇಟ್ಟವು. ಇದರಿಂದ 1900ರ ಮಾರ್ಚ್ 1ರಿಂದ ಈಚೆಗೆ ಮೂರೂ ಒಂದಾಗುತ್ತವೆ. ಅದಕ್ಕೆ ಹಿಂದಿನ ಎರಡು ತಿಂಗಳಲ್ಲಿ ಒಂದು ದಿನದ ಅಂತರ ಉಳಿಯುತ್ತದೆ. ಫಸಲಿಯ ಮೂರು ತಿಂಗಳು ನೆನಪಾಯಿತೇ?

1900ಕ್ಕಿಂತ ಹಿಂದೆ ಹೋದರೆ ಎಕ್ಸೆಲ್ ಅದನ್ನು ದಿನಾಂಕವೆಂದೇ ಒಪ್ಪದೆ ಬರಿಯ ಪಠ್ಯವಾಗಿ ಇಟ್ಟುಬಿಡುತ್ತದೆ, ಲಿಬ್ರೆಆಫೀಸ್ ಒಪ್ಪುತ್ತದೆ. ಇತಿಹಾಸದ ವಿದ್ಯಾರ್ಥಿಗಳು, ಶಾಸನ ಮತ್ತು ಹಳೆಯ ಕಾಗದಗಳ ಮೇಲೆ ಯೋಜನೆ ಮಾಡುವವರು ಇದನ್ನು ಗಮನಿಸಬೇಕು. ಇಸವಿ, ತಿಂಗಳು, ದಿನ ಇವನ್ನು ಮೂರು ಕಾಲಂಗಳಲ್ಲಿ ಬೇರೆಬೇರೆ ಬರೆಯುವುದೇ ಕ್ಷೇಮ.

ಮೆಕಿಂಟಾಷ್‌ನ ಹಳೆಯ ಎಕ್ಸೆಲ್ ತನ್ನ ಎಣಿಕೆಯನ್ನು 1904ರಿಂದ ಶುರು ಮಾಡುತ್ತಿತ್ತು. ಎರಡು ಎಣಿಕೆಗಳ ನಡುವಣ ಅಂತರ 1462 ದಿನ. ಅಂತಹ ಕಡತದಿಂದ 2024ರ ಜೂನ್ 7 ಎಂಬುದರ ಸಂಖ್ಯೆಯನ್ನಷ್ಟೇ ನಕಲು ಮಾಡಿ ಬೇರೆ ಕಡತಕ್ಕೆ ಅಂಟಿಸಿದರೆ ಅದು 2020ರ ಜೂನ್ 6 ಆಗಿಬಿಡುತ್ತದೆ. ನಾಲ್ಕು ವರ್ಷ, ಒಂದು ದಿನ!

ನಿಮಗೆ ಹೆಚ್ಚಾಗಿ ಎದುರಾಗುವುದು ಮಾತ್ರ ಬೇರೆ ತೊಂದರೆ. ಭೂಸನೂರಿನ ಹುಡುಗಿ ತೊಗರಿ ಬಿತ್ತಿದ ದಿನವನ್ನು 07/06/2024 ಎಂದು ಬರೆದಳು. ನಮ್ಮ ಪದ್ಧತಿಯಲ್ಲಿ ಜೂನ್ 7. ಅದೇ ಅಕ್ಷರಗಳು ಅಮೆರಿಕದ ಪದ್ಧತಿಗೆ ಹೊಂದಿಸಿದ ಗಣಕಕ್ಕೆ ಹೋದರೆ ಜುಲೈ 6. ಮುಂದಿನ ಸಾಲಿನ 25/06/2024 ಅಲ್ಲಿ ದಿನಾಂಕವೇ ಆಗುವುದಿಲ್ಲ, ಏಕೆಂದರೆ 25ನೆಯ ತಿಂಗಳು ಇಲ್ಲ. ಅದು ಪಠ್ಯವಾಗಿ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಪ್ಪು ದಿನಾಂಕ, ಕೆಲವು ದಿನಾಂಕವೇ ಅಲ್ಲ. ಬಿತ್ತನೆಯಿಂದ ಕಟಾವಿಗೆ ಎಷ್ಟು ದಿನ ಎಂದು ಕಳೆಯಲು ಹೋದರೆ ಏನು ಉತ್ತರ ಬರಬಹುದು, ಯೋಚಿಸಿ. 2024-06-07 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಈ ಗೊಂದಲ ಇಲ್ಲ. ಇದು ಅಂತರರಾಷ್ಟ್ರೀಯ ಮಾನಕವೂ ಹೌದು.

(ದಿನಾಂಕದ ಮೇಲೆ ಎಕ್ಸೆಲ್‌ಗಿರುವ ವ್ಯಾಮೋಹದಿಂದ ವಿಜ್ಞಾನಿಗಳೂ ಸೋತಿದ್ದಾರೆ. ಮನುಷ್ಯನ ಒಂದು ಜೀನ್‌ಗೆ ‘ಮಾರ್ಚ್1’ ಎಂಬ ಸಂಕೇತನಾಮವಿತ್ತು. ಎಕ್ಸೆಲ್ ಅದನ್ನು ಪ್ರತಿಸಲವೂ ಮಾರ್ಚ್ ತಿಂಗಳ ಒಂದನೆಯ ದಿನ ಮಾಡುತ್ತಿತ್ತು. ಕೊನೆಗೆ 2020ರಲ್ಲಿ ಇಂತಹ ಜೀನ್‌ಗಳ ಹೆಸರನ್ನೇ ಬದಲಿಸಿದರೆಂಬ ಸುದ್ದಿ ಲೋಕಕ್ಕೆಲ್ಲ ತಿಳಿಯಿತು.)

ಇನ್ನು ಒಂದು ತಂತ್ರಾಂಶದಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸೂತ್ರಗಳು. ಚೀಟಿಯ ಸಂಖ್ಯೆ ಕೊಟ್ಟರೆ ಅದರ ತೂಕವನ್ನು ಪಟ್ಟಿಯಿಂದ ಹುಡುಕಿ ತರುವುದಕ್ಕೆ ಹಳೆಯ ವಿಲುಕಪ್ ಇದೆ. ಅದಕ್ಕಿಂತ ಅನುಕೂಲವಾದ ಎಕ್ಸ್‌ಲುಕಪ್ ಎಕ್ಸೆಲ್‌ನ ಬಳಕೆದಾರರಿಗೆ ಸಿಗತೊಡಗಿದ್ದು 2020ರ ಹೊತ್ತಿಗೆ. ಗೂಗಲ್ ಶೀಟ್ಸ್‌ಗೆ ಅದು ಬಂದದ್ದು 2022ರಲ್ಲಿ, ಲಿಬ್ರೆಆಫೀಸ್‌ಗೆ 2024ರ ಆಗಸ್ಟ್‌ನ 24.8ನೆಯ ಆವೃತ್ತಿಯಲ್ಲಿ. ಎಕ್ಸೆಲ್‌ನದೇ ಆದ 2016, 2019ರ ಆವೃತ್ತಿಗಳಲ್ಲಿ ಅದಿಲ್ಲ. ಅಲ್ಲಿ ತೆರೆದರೆ ಮೊದಲಿಗೆ ಹಳೆಯ ಉತ್ತರ ಹಾಗೆಯೇ ಕಾಣುತ್ತದೆ. ಸೆಲ್ಲನ್ನು ಮುಟ್ಟಿ ತಿದ್ದಿದರೆ ‘#ನೇಮ್?’ ಎಂದು ಕೂಗುತ್ತದೆ. ಹೆಸರೇ ಗೊತ್ತಿಲ್ಲ ಎಂದು ಅದರ ಅರ್ಥ. ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಎರಡು ಹಳೆಯ ಸೂತ್ರಗಳನ್ನು ಜೋಡಿಸಿದರೆ ಅದೇ ಕೆಲಸ ಆಗುತ್ತದೆ, ಮೂರೂ ಕಡೆ ನಡೆಯುತ್ತದೆ. ಬರೆಯಲು ತುಸು ಉದ್ದ, ಅಷ್ಟೇ.

ಕೂಗುವ ದೋಷಕ್ಕಿಂತ ಸುಮ್ಮನಿರುವ ದೋಷ ಕೆಟ್ಟದ್ದು ಎಂದೆನಲ್ಲ, ಅದಕ್ಕೆ ಇನ್ನೊಂದು ಸಾಕ್ಷಿ. ಗೂಗಲ್ ಶೀಟ್ಸ್‌ನಲ್ಲಿ ಕ್ವೆರಿ, ಇಂಪೋರ್ಟ್‌ರೇಂಜ್ ಎಂಬ ಬಲಶಾಲಿ ಸೂತ್ರಗಳಿವೆ. ಎಕ್ಸೆಲ್‌ನಲ್ಲಿ ಇವಿಲ್ಲ. ಹಾಳೆಯನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಂಡಾಗ ಗೂಗಲ್ ಒಂದು ಉಪಕಾರ ಮಾಡುತ್ತದೆ: ಇಳಿಸಿಕೊಂಡ ಹೊತ್ತಿನ ಉತ್ತರವನ್ನು ಸೂತ್ರದ ಒಳಗೇ ಬರೆದಿಟ್ಟು, ಸೂತ್ರ ಸೋತರೆ ಆ ಉತ್ತರವನ್ನೇ ತೋರಿಸು ಎಂದು ಹೇಳಿಬಿಡುತ್ತದೆ. ಅಣ್ಣ ಕಲಬುರಗಿಯಲ್ಲಿ ತೆರೆದಾಗ ಎಲ್ಲ ಸರಿಯಾಗಿಯೇ ಇದೆ. ಅವನು ಹೊಸದಾಗಿ ನಾಲ್ಕು ಚೀಟಿ ಸೇರಿಸುತ್ತಾನೆ. ಒಟ್ಟು ಬದಲಾಗುವುದೇ ಇಲ್ಲ! ನಿಂತ ಗಡಿಯಾರದಂತೆ ಹಳೆಯ ಸಂಖ್ಯೆಯೇ ಇರುತ್ತದೆ. ಆದ್ದರಿಂದ ಬೇರೆ ತಂತ್ರಾಂಶದಲ್ಲಿ ಕಡತ ತೆರೆದ ಕೂಡಲೇ ಒಂದು ಅಂಕಿಯನ್ನು ಬೇಕೆಂದೇ ಬದಲಿಸಿ, ಒಟ್ಟು ಅಲುಗುತ್ತದೆಯೇ ನೋಡಿ, ಮತ್ತೆ ಮೊದಲಿನಂತೆ ಮಾಡಿ.

ಪ್ರತಿ ತಂತ್ರಾಂಶಕ್ಕೂ ತನ್ನ ತವರಿನ ಸೂತ್ರಗಳಿರುತ್ತವೆ. ಎಕ್ಸೆಲ್‌ನಲ್ಲಿ ಬಾತ್‌ಟೆಕ್ಸ್ಟ್ ಎಂಬುದಿದೆ. ಮೊತ್ತವನ್ನು ಥಾಯ್ ಭಾಷೆಯಲ್ಲಿ, ಥಾಯ್ಲೆಂಡಿನ ನಾಣ್ಯ ಬಾತ್‌ನಲ್ಲಿ, ಅಕ್ಷರದಲ್ಲಿ ಬರೆದುಕೊಡುತ್ತದೆ. ಲಿಬ್ರೆಆಫೀಸ್‌ನಲ್ಲಿ ಆ ವರ್ಷದ ಈಸ್ಟರ್ ಭಾನುವಾರ ಯಾವಾಗ ಎಂದು ಹೇಳುವ ಸೂತ್ರವಿದೆ. ಯುಗಾದಿ ಯಾವಾಗ ಎಂದು ಹೇಳುವುದಾಗಲಿ, ರೂಪಾಯಿಯನ್ನು ಕನ್ನಡದ ಅಕ್ಷರದಲ್ಲಿ ಬರೆಯುವುದಾಗಲಿ ಇವುಗಳ ಸಿದ್ಧ ಸೂತ್ರಗಳ ಪಟ್ಟಿಯಲ್ಲಿ ಇಲ್ಲ. ನಿಮ್ಮಲ್ಲಿ ಯಾರಾದರೂ ಮುಂದೆ ಬರೆಯುವಿರಾ?

ಈಗ ಕನ್ನಡಕ್ಕೇ ಸೇರಿದ ತೊಡಕಿಗೆ ಬರೋಣ. ಕರ್ನಾಟಕದಲ್ಲಿ ಬಹಳ ವರ್ಷ ಕನ್ನಡ ಗಣಕ ಪರಿಷತ್ತಿನ ನುಡಿಯಂತಹ ತಂತ್ರಾಂಶಗಳಲ್ಲಿ ಪಟ್ಟಿಗಳು ತಯಾರಾದವು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ತೆರೆಯ ಮೇಲೆ ಕನ್ನಡ ಕಾಣುತ್ತದೆ. ಕಡತದ ಒಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ. ಹಳೆಯ ಪಟ್ಟಿಯ ‘ಭೂಸನೂರ’ ಮತ್ತು ಹೊಸ ಪಟ್ಟಿಯ ‘ಭೂಸನೂರ’ ಕಣ್ಣಿಗೆ ಒಂದೇ. ವಿಲುಕಪ್‌ಗೆ ಅವೆರಡೂ ಸಂಬಂಧವೇ ಇಲ್ಲದ ಪದಗಳು. ಅಕಾರಾದಿಯಾಗಿ ಜೋಡಿಸಿದರೂ ಕ್ರಮ ತಪ್ಪುತ್ತದೆ. ಮೊದಲು ಹಳೆಯದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು.

ಯೂನಿಕೋಡ್ ಆದಮೇಲೂ ಎಚ್ಚರ ಬೇಕು. ಲೆನ್ ಎಂಬ ಸೂತ್ರ ಪದದ ಉದ್ದ ಹೇಳುತ್ತದೆ. ‘ಭೂಸನೂರ’ದಲ್ಲಿ ನಾವು ಓದುವುದು ನಾಲ್ಕು ಅಕ್ಷರ, ಲೆನ್ ಹೇಳುವುದು 6, ಏಕೆಂದರೆ ಎರಡು ದೀರ್ಘದ ಗುರುತುಗಳೂ ಬೇರೆ ಬೇರೆ ಎಣಿಕೆಯಾಗುತ್ತವೆ. ಇದರಲ್ಲಿ ಮೂರು ತಂತ್ರಾಂಶಗಳಿಗೂ ಒಮ್ಮತವಿದೆ, ವ್ಯಾಕರಣದ ಮೇಷ್ಟ್ರಿಗೆ ಮಾತ್ರ ಇಲ್ಲ. ಇನ್ನೊಂದು, ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯಲು ಕಾಣದ ಒಂದು ಗುರುತನ್ನು ಸೇರಿಸುವ ಪದ್ಧತಿಯಿದೆ. ‘ಶರಣ್’ ಎಂದು ಬರೆದು ಕೊನೆಯಲ್ಲಿ ಆ ಗುರುತು ಉಳಿದುಬಿಟ್ಟರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಹುಡುಕುವ ಸೂತ್ರ ಮಾತ್ರ ಸಿಗಲಿಲ್ಲ ಎನ್ನುತ್ತದೆ. ಹೆಚ್ಚಿನ ಖಾಲಿ ಜಾಗ ತೆಗೆಯುವ ಟ್ರಿಮ್ ಸೂತ್ರ ಇದನ್ನು ತೆಗೆಯುವುದಿಲ್ಲ. ಎರಡು ಪದಗಳ ಲೆನ್ ಹೋಲಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ನಂಟು ಹಾಕುವಾಗ ಅದನ್ನೂ ಯಾವ ಸೂತ್ರವೂ ತಾನಾಗಿ ಊಹಿಸಲಾರದು. ಹೆಸರಿನಿಂದ ಹುಡುಕದೆ ಊರಿಗೊಂದು, ಹೊಲಕ್ಕೊಂದು ಸಂಖ್ಯೆ ಕೊಟ್ಟು ಹುಡುಕುವುದು ಮೇಲು.

ಎಲ್ಲರೂ ಕೂತು ಒಂದು ಒಪ್ಪಂದಕ್ಕೆ ಬರಬಾರದೇ ಎಂದು ಕೇಳುತ್ತೀರಿ. ಬಂದಿದ್ದಾರೆ, ತಡವಾಗಿ. ಓಡಿಎಫ್ ಎಂಬ ಮುಕ್ತ ಕಡತ ಮಾದರಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಆದರೆ ಸೂತ್ರಗಳನ್ನು ಹೇಗೆ ಬರೆಯಬೇಕೆಂಬುದನ್ನೇ ಅದರಲ್ಲಿ ಪೂರ್ತಿಯಾಗಿ ವಿವರಿಸಿರಲಿಲ್ಲ. ಇದರ ಫಲವಾಗಿ 2009ರಲ್ಲಿ ಮೈಕ್ರೋಸಾಫ್ಟ್ ತನ್ನ ಆಫೀಸ್ 2007ಕ್ಕೆ ಆ ಮಾದರಿಯನ್ನು ಓದುವ ಶಕ್ತಿ ಕೊಟ್ಟಾಗ, ಓಪನ್‌ಆಫೀಸ್‌ನ ಹಾಳೆಗಳಲ್ಲಿ ಸೂತ್ರಗಳು ಮಾಯವಾಗಿ ಉತ್ತರಗಳಷ್ಟೇ ಉಳಿದವು. ಓಪನ್‌ಫಾರ್ಮುಲಾ ಎಂಬ ಸೂತ್ರಗಳ ಮಾನಕ ಸೇರಿದ್ದು 2011ರಲ್ಲಿ, ಓಡಿಎಫ್ 1.2ರಲ್ಲಿ. ಎಕ್ಸೆಲ್‌ನ ಕಡತ ಮಾದರಿ 2008ರಲ್ಲಿ ಬೇರೆಯದೇ ಮಾನಕವಾಯಿತು. ಭಾರತ ಅದರ ವಿರುದ್ಧ ಮತ ಹಾಕಿತ್ತು. ಹೀಗೆ ಮಾನಕಗಳೇ ಎರಡು!

ಕಡತದ ಮಾದರಿಯನ್ನು ಆರಿಸುವಾಗ ಇದು ನೆನಪಿರಲಿ. ಸಿಎಸ್‌ವಿ ಎಂಬ ಸರಳ ಮಾದರಿ ಎಲ್ಲೆಡೆ ತೆರೆಯುತ್ತದೆ, ಆದರೆ ಸೂತ್ರಗಳನ್ನು ಬಿಟ್ಟು ಉತ್ತರಗಳನ್ನಷ್ಟೇ, ಅದೂ ಒಂದೇ ಹಾಳೆಯದನ್ನು ಇಟ್ಟುಕೊಳ್ಳುತ್ತದೆ. ಉಳಿಸುವಾಗ ಯುಟಿಎಫ್-8 ಎಂದು ಆರಿಸದಿದ್ದರೆ ಕನ್ನಡ ಕೆಡಬಹುದು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರಲ್ಲಿ ಹಳೆಯ ಮಾದರಿ ಬಳಸಿದ್ದರಿಂದ ಹದಿನೈದು ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳ ವಿವರ ದಿನದ ಲೆಕ್ಕದಿಂದ ಬಿಟ್ಟುಹೋಗಿತ್ತು. ಸೂತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸುವುದೂ ಬೇಡ. ಬೇರೆ ಹಾಳೆಯ ಸೆಲ್ಲನ್ನು ಸೂಚಿಸಲು ಎಕ್ಸೆಲ್ ಆಶ್ಚರ್ಯಸೂಚಕ ಚಿಹ್ನೆ ಬಳಸಿದರೆ ಲಿಬ್ರೆಆಫೀಸ್ ಚುಕ್ಕೆ ಬಳಸುತ್ತದೆ. ಕಡತ ತೆರೆದಾಗ ತಂತ್ರಾಂಶ ಇದನ್ನು ತಾನೇ ಬದಲಿಸಿಕೊಳ್ಳುತ್ತದೆ, ಅಕ್ಷರವಾಗಿ ಅಂಟಿಸಿದಾಗ ಅಲ್ಲ. ಮೊಬೈಲಿನ ಕೀಲಿಮಣೆ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಮಾಡಿದರಂತೂ ಸೂತ್ರ ಕೆಟ್ಟಂತೆಯೇ.

ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಎರಡು ಬಗೆಯ ತಂತ್ರಾಂಶ ಸಿಕ್ಕರೆ ಒಂದು ಪರೀಕ್ಷೆಯ ಹಾಳೆ ತಯಾರಿಸಿ. ಉತ್ತರ ಮೊದಲೇ ಗೊತ್ತಿರುವ ಕೆಲವು ಪ್ರಶ್ನೆಗಳನ್ನು ಅದರಲ್ಲಿ ಬರೆಯಿರಿ. ಯಾವುದೇ ಹೊಸ ಗಣಕಕ್ಕೆ ಹೋದಾಗ ನಿಜವಾದ ಲೆಕ್ಕಕ್ಕಿಂತ ಮೊದಲು ಈ ಹಾಳೆಯನ್ನು ತೆರೆದು ಉತ್ತರಗಳನ್ನು ಹೋಲಿಸಿ. ಶುರುವಿಗೆ ಕೆಲವನ್ನು ಕೊಡುತ್ತೇನೆ. 1900ರ ಮಾರ್ಚ್ 1ನ್ನು ಸಂಖ್ಯೆಯಾಗಿ ತೋರಿಸಿ: ಎಲ್ಲ ಕಡೆ 61 ಬರಬೇಕು. ಅದೇ ವರ್ಷದ ಫೆಬ್ರವರಿ 28: ಎಕ್ಸೆಲ್‌ನಲ್ಲಿ 59, ಉಳಿದೆರಡರಲ್ಲಿ 60. ರೌಂಡ್ ಸೂತ್ರದಿಂದ 2.5ನ್ನು ಪೂರ್ಣಾಂಕ ಮಾಡಿ: 3. ಎಕ್ಸೆಲ್‌ನೊಳಗೇ ಇರುವ ವಿಬಿಎ ಎಂಬ ಭಾಷೆಯಲ್ಲಿ ಅದೇ ಹೆಸರಿನ ರೌಂಡ್ ಬಳಸಿದರೆ 2 ಬರುತ್ತದೆ, ಏಕೆಂದರೆ ಅದು ಸರಿಯಾಗಿ ಅರ್ಧವಿದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಒಂದೇ ಮನೆಯಲ್ಲಿ ಎರಡು ಸಿಕ್ಕಾ! ಪಠ್ಯವೆಂದು ಗುರುತಿಸಿದ 13.800ಕ್ಕೆ 1 ಕೂಡಿಸಿ, ಯಾರು ಒಪ್ಪುತ್ತಾರೆ, ಯಾರು ತಕರಾರು ಮಾಡುತ್ತಾರೆ ನೋಡಿ. ಕೊನೆಯದಾಗಿ, ಸಮ ಚಿಹ್ನೆ ಹಾಕಿ ಋಣ 2ರ ವರ್ಗ ಎಂದು ಆವರಣವಿಲ್ಲದೆ, ‘=-2^2’ ಎಂದು ಬರೆಯಿರಿ. ಗಣಿತದ ತರಗತಿಯ ನಿಯಮದಂತೆ ಮೊದಲು ವರ್ಗ, ಆಮೇಲೆ ಋಣ, ಉತ್ತರ -4. ಮೂರು ಸ್ಪ್ರೆಡ್‌ಶೀಟ್‌ಗಳೂ ಏನು ಹೇಳುತ್ತವೆಂಬುದನ್ನು ನೀವೇ ನೋಡಿ, ನಿಮ್ಮ ಗಣಿತದ ಮಾಸ್ತರರಿಗೂ ತೋರಿಸಿ.